ನಿಕೋಡಿಮಸ್‌ನ ಐದು ಕಟ್ಟಡಗಳು

ಡೆನ್ವರಿನಿಂದ ಕ್ಯಾನ್ಸಸ್ ಸಿಟಿಗೆ ಐ-70 ಹೆದ್ದಾರಿ ಹಿಡಿದು ಹೋಗುವ ನಮ್ಮವರು ಸಾಮಾನ್ಯವಾಗಿ ಪಶ್ಚಿಮ ಕ್ಯಾನ್ಸಸ್‌ನಲ್ಲಿ ಪೆಟ್ರೋಲ್ ಹಾಕಿಸುವುದಕ್ಕೆ ಬಿಟ್ಟು ಬೇರೆಲ್ಲೂ ಕಾರು ನಿಲ್ಲಿಸುವುದಿಲ್ಲ. ಬಯಲು, ಆಕಾಶ, ಅಲ್ಲೊಂದು ಇಲ್ಲೊಂದು ಧಾನ್ಯದ ಕಣಜ, ಇಷ್ಟೇ ಅಂದುಕೊಳ್ಳುತ್ತೇವೆ. ಕಳೆದ ಸೆಪ್ಟೆಂಬರಿನಲ್ಲಿ ಅಪ್ಪ-ಅವ್ವನನ್ನು ತಮ್ಮನ ಮನೆಗೆ ಬಿಡಲು ಹೊರಟಾಗ ವಾಕೀನಿ ಎಂಬಲ್ಲಿ ಹೆದ್ದಾರಿ ಇಳಿದು ಉತ್ತರಕ್ಕೆ ತಿರುಗಿದೆ. ಗ್ರಹಾಂ ಕೌಂಟಿಯಲ್ಲಿರುವ ನಿಕೋಡಿಮಸ್ ಎಂಬ ಊರನ್ನು ಅಪ್ಪನಿಗೆ ತೋರಿಸಬೇಕು ಅಂತ ನನಗೆ ಬಹಳ ದಿನದಿಂದ ಇತ್ತು. ಅಪ್ಪ ಬಾಗಲಕೋಟೆ ಕಡೆ ಗೌಂಡಿ ಕೆಲಸ ಮಾಡಿ ನಮ್ಮಿಬ್ಬರನ್ನೂ ಓದಿಸಿದವರು. ಕಲ್ಲು, ಸುಣ್ಣ, ಗೋಡೆ ಅಂದರೆ ಇವತ್ತಿಗೂ ಅವರ ಕಣ್ಣು ಚುರುಕಾಗುತ್ತದೆ.

ಗ್ರಹಾಂ ಕೌಂಟಿಯ ಒಟ್ಟು ಜನಸಂಖ್ಯೆ 2020ರ ಗಣತಿಯಲ್ಲಿ ಎರಡೂವರೆ ಸಾವಿರವನ್ನೂ ಮುಟ್ಟಿಲ್ಲ. ಹಿಲ್ ಸಿಟಿ ಅದರ ಕೇಂದ್ರ. ಅಲ್ಲಿಂದ 24ನೇ ನಂಬರಿನ ರಸ್ತೆಯಲ್ಲಿ ಪೂರ್ವಕ್ಕೆ ಹೊರಟರೆ ಗೋದಿ ಕೊಯ್ದ ಹೊಲಗಳು, ತಲೆ ಆಡಿಸುತ್ತ ನೆಲದಿಂದ ಎಣ್ಣೆ ಎತ್ತುವ ಯಂತ್ರಗಳು, ನಡುನಡುವೆ ಸೊಂಟದೆತ್ತರದ ಕೆಂಪು ತೆನೆಯ ಬೆಳೆ. ಅವ್ವ ಕಿಟಕಿ ಇಳಿಸಿ, "ಇದು ನಮ್ಮ ಜ್ವಾಳ ಅಲ್ಲೇನ?" ಅಂದಳು. ಹೌದು, ಜೋಳವೇ. ಅಮೆರಿಕದಲ್ಲಿ ಅತಿ ಹೆಚ್ಚು ಜೋಳ ಬೆಳೆಯುವ ರಾಜ್ಯ ಕ್ಯಾನ್ಸಸ್. ಆದರೆ ಇಲ್ಲಿ ಅದು ಹೋಗುವುದು ಬಹುಪಾಲು ದನಗಳ ಮೇವಿಗೆ ಮತ್ತು ಎಥೆನಾಲ್ ಕಾರ್ಖಾನೆಗೆ. ಅವ್ವನಿಗೆ ಇದು ಸಂಕಟದ ಸಂಗತಿ. ಊರು ಬರುವ ತನಕ ಅದನ್ನೇ ಆಡುತ್ತಿದ್ದಳು.

ಊರು ಅಂದೆ. ರಸ್ತೆಯ ಒಂದು ಮಗ್ಗುಲಿಗೆ ಕೆಲವೇ ಓಣಿಗಳು, ಹುಲ್ಲು ಬೆಳೆದ ಖಾಲಿ ನಿವೇಶನಗಳು, ಕೆಲವು ಮನೆಗಳು. ಕಾಯಂ ವಾಸ ಇರುವವರು ಬೆರಳೆಣಿಕೆಯಷ್ಟು. ಆದರೂ ಈ ಊರನ್ನು ಅಮೆರಿಕ ಸರ್ಕಾರ 1976ರಲ್ಲಿ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಎಂದು ಘೋಷಿಸಿತು. 1996ರ ನವೆಂಬರಿನಲ್ಲಿ ಸಂಸತ್ತೇ ಕಾನೂನು ಮಾಡಿ ಇದನ್ನು ದೇಶದ ಉದ್ಯಾನ, ಐತಿಹಾಸಿಕ ತಾಣಗಳನ್ನು ನೋಡಿಕೊಳ್ಳುವ ಕೇಂದ್ರ ಇಲಾಖೆಯಾದ ನ್ಯಾಷನಲ್ ಪಾರ್ಕ್ ಸರ್ವಿಸ್‌ಗೆ ಸೇರಿಸಿತು. ಅಂತರ್ಯುದ್ಧ ಮುಗಿದು ಗುಲಾಮಗಿರಿ ರದ್ದಾದ ಮೇಲೆ ಕರಿಯರು ಪಶ್ಚಿಮದ ಬಯಲಿಗೆ ಬಂದು ಕಟ್ಟಿಕೊಂಡ ಊರುಗಳಲ್ಲಿ ಇಂದಿಗೂ ಉಳಿದಿರುವ ಅತಿ ಹಳೆಯದು ಇದು.

1877ರ ಏಪ್ರಿಲ್‌ನಲ್ಲಿ ಡಬ್ಲ್ಯೂ. ಎಚ್. ಸ್ಮಿತ್ ಎಂಬ ಕರಿಯರ ಮುಂದಾಳು ಮತ್ತು ಡಬ್ಲ್ಯೂ. ಆರ್. ಹಿಲ್ ಎಂಬ ಬಿಳಿಯ ಜಮೀನು ವ್ಯವಹಾರಸ್ಥ ಇನ್ನೂ ಕೆಲವರ ಜೊತೆ ಸೇರಿ ಊರು ಕಟ್ಟುವುದಕ್ಕೆಂದೇ ಒಂದು ಕಂಪನಿ ಮಾಡಿದರು. ಕೆಂಟಕಿಯಲ್ಲಿ ಕರಪತ್ರ ಹಂಚಿ ಜನರನ್ನು ಕರೆದರು. ಸ್ವಂತ ಜಮೀನು ಎಂಬ ಮಾತಿಗೆ, ಹುಟ್ಟಿನಿಂದ ಇನ್ನೊಬ್ಬರ ಹೊಲದಲ್ಲಿ ದುಡಿದ ಜನ ಏನು ಬೆಲೆ ಕೊಟ್ಟಿರಬಹುದು ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಆ ಸೆಪ್ಟೆಂಬರಿನಲ್ಲಿ ಸುಮಾರು 300 ಜನ ಎಲ್ಲಿಸ್‌ವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಐವತ್ತು ಕಿಲೋಮೀಟರಿಗೂ ಹೆಚ್ಚು ದೂರ ಬಯಲಲ್ಲಿ ಸಾಗಿ ಇಲ್ಲಿ ಮುಟ್ಟಿದರು. ಬಿತ್ತನೆಯ ಕಾಲ ಮುಗಿದಿತ್ತು, ಚಳಿಗಾಲ ಎದುರಿಗಿತ್ತು, ಮನೆ ಒಂದೂ ಇರಲಿಲ್ಲ.

ಟೌನ್‌ಶಿಪ್ ಹಾಲ್‌ನಲ್ಲಿರುವ ಸಂದರ್ಶಕರ ಕೇಂದ್ರದಲ್ಲಿ ಇದನ್ನೆಲ್ಲ ನಾನು ಅಪ್ಪನಿಗೆ ಓದಿ ಹೇಳುತ್ತಿದ್ದಾಗ ಅವರು ಕೇಳಿದ ಮೊದಲ ಪ್ರಶ್ನೆ: "ಇಲ್ಲಿ ಗಿಡಾನ ಇಲ್ಲಲ್ಲವಾ, ತೊಲಿ ಎಲ್ಲಿಂದ ತಂದ್ರು?" ಗೌಂಡಿಯ ಪ್ರಶ್ನೆ. ನಾನು ಅದನ್ನೇ ರೇಂಜರ್‌ಗೆ ಇಂಗ್ಲಿಷಿನಲ್ಲಿ ದಾಟಿಸಿದೆ. ಆಕೆಯ ಮುಖ ಅರಳಿತು. ಮರ ಸಿಗುತ್ತಿದ್ದುದು ಸಾಲೊಮನ್ ಹೊಳೆಯ ದಂಡೆಯಲ್ಲಿ ಮಾತ್ರ, ಅದೂ ಅಷ್ಟಕ್ಕಷ್ಟೇ. ಅದಕ್ಕೇ ಮೊದಲು ಬಂದವರು ಮನೆ ಕಟ್ಟಲಿಲ್ಲ, ತೋಡಿದರು. ದಿಬ್ಬದ ಮಗ್ಗುಲಿಗೆ ನೆಲ ಅಗೆದು, ಮೇಲೆ ಸಿಕ್ಕ ಕೊಂಬೆ, ಹುಲ್ಲುಹೆಂಟೆ ಹೊದಿಸಿ ಒಳಗೆ ಬದುಕಿದರು. ಮರುವರ್ಷ ವಸಂತದಲ್ಲಿ ಬಂದ ವಿಲ್ಲಿಯಾನಾ ಹಿಕ್‌ಮನ್ ಎಂಬ ಹೆಣ್ಣುಮಗಳು ತನ್ನ ನೆನಪು ಹೇಳಿಟ್ಟಿದ್ದಾಳೆ. ಜೊತೆಯವರು ಅಗೋ ನಿಕೋಡಿಮಸ್ ಎಂದು ಕೂಗಿದರಂತೆ. ಈಕೆಗೆ ಊರೇ ಕಾಣಲಿಲ್ಲ. ಎಲ್ಲಿ ಎಂದು ಕೇಳಿದರೆ ಗಂಡ ನೆಲದೊಳಗಿಂದ ಏಳುತ್ತಿದ್ದ ಹೊಗೆಯನ್ನು ತೋರಿಸಿದನಂತೆ. ಆಕೆ ಅತ್ತುಬಿಟ್ಟಳು.

ಇದನ್ನು ಕನ್ನಡದಲ್ಲಿ ಹೇಳುವಾಗ ನನ್ನ ದನಿಯೂ ನಿಂತಿತು. ಅವ್ವ ಏನೂ ಮಾತಾಡಲಿಲ್ಲ.

ಮೊದಲ ಚಳಿಗಾಲದಲ್ಲೇ ಎಷ್ಟೋ ಕುಟುಂಬಗಳು ಹಿಂದಿರುಗಿದವು. ಉಳಿದವರಿಗೆ ಬೇಟೆ ಮುಗಿಸಿ ಮರಳುತ್ತಿದ್ದ ಓಸೇಜ್ ಮೂಲನಿವಾಸಿಗಳು ತಮ್ಮ ಪಾಲಿನ ಮಾಂಸ ಕೊಟ್ಟು ಹೋದರೆಂದು ಊರಿನವರು ಇಂದಿಗೂ ಹೇಳುತ್ತಾರೆ. ಹತ್ತು ವರ್ಷದಲ್ಲಿ ಅದೇ ಜನ ಅಂಗಡಿ, ಹೋಟೆಲ್, ಚರ್ಚು, ಶಾಲೆ, ಎರಡು ಪತ್ರಿಕೆಗಳನ್ನು ಮಾಡಿಕೊಂಡರು. ಇಲ್ಲಿ ನೆಲೆಸಿದ್ದ ಎಡ್ವಿನ್ ಮೆಕೇಬ್ 1882ರಲ್ಲಿ ಕ್ಯಾನ್ಸಸ್ ರಾಜ್ಯದ ಲೆಕ್ಕಪರಿಶೋಧಕನಾಗಿ ಚುನಾಯಿತನಾದ.

ಆಮೇಲೆ ರೈಲು ಕೈಕೊಟ್ಟಿತು. 1887ರಲ್ಲಿ ಊರಿನವರು ಮಿಸೌರಿ ಪೆಸಿಫಿಕ್ ಕಂಪನಿಯನ್ನು ಬರಮಾಡಿಕೊಳ್ಳಲು 16,000 ಡಾಲರಿನ ಬಾಂಡಿಗೆ ಮತ ಹಾಕಿದರು. ಹಳಿ ಬರಲಿಲ್ಲ. ಮರುವರ್ಷ ಯೂನಿಯನ್ ಪೆಸಿಫಿಕ್ ಹೊಳೆಯ ಆಚೆ ದಂಡೆಯಲ್ಲಿ ಹಳಿ ಹಾಕಿತು, ಅಲ್ಲಿ ಬೋಗ್ ಎಂಬ ಹೊಸ ಊರೆದ್ದಿತು. ನಿಕೋಡಿಮಸ್‌ನ ವರ್ತಕರು ಒಬ್ಬೊಬ್ಬರಾಗಿ ಅಂಗಡಿ ಸಮೇತ ಅತ್ತ ಹೊರಟರು. ಬರಗಾಲ, 1930ರ ದಶಕದ ಧೂಳಿನ ಬಿರುಗಾಳಿ ಉಳಿದದ್ದನ್ನು ತೆಗೆದುಕೊಂಡವು. 1953ರಲ್ಲಿ ಅಂಚೆ ಕಚೇರಿಯೂ ಮುಚ್ಚಿತು.

ಉಳಿದದ್ದು ಐದು ಕಟ್ಟಡ. 1881ರ ಸೇಂಟ್ ಫ್ರಾನ್ಸಿಸ್ ಹೋಟೆಲ್, 1885ರ ಎ.ಎಂ.ಇ. (ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್) ಚರ್ಚ್, 1907ರ ಫಸ್ಟ್ ಬ್ಯಾಪ್ಟಿಸ್ಟ್ ಚರ್ಚ್, ಹಳೆಯದು ಸುಟ್ಟುಹೋದ ಮೇಲೆ 1918ರಲ್ಲಿ ಕಟ್ಟಿದ ಶಾಲೆ, ಮತ್ತು ನಾವು ನಿಂತಿದ್ದ ಟೌನ್‌ಶಿಪ್ ಹಾಲ್. ಈ ಹಾಲ್ 1939ರದು. ಆರ್ಥಿಕ ಕುಸಿತದ ಕಾಲದಲ್ಲಿ ನಿರುದ್ಯೋಗಿಗಳಿಗೆ ಕೆಲಸ ಕೊಡಲು ಸರ್ಕಾರ ನಡೆಸಿದ ಡಬ್ಲ್ಯೂ.ಪಿ.ಎ. ಯೋಜನೆಯಲ್ಲಿ ಸ್ಥಳೀಯ ಸುಣ್ಣಕಲ್ಲಿನಿಂದ ಕಟ್ಟಿದ್ದು.

ಅಪ್ಪ ಹೊರಗೆ ಹೋಗಿ ಆ ಗೋಡೆಯ ಎದುರು ಬಹಳ ಹೊತ್ತು ನಿಂತರು. ಕಲ್ಲಿನ ಸಾಲನ್ನು ಕಣ್ಣಿನಿಂದಲೇ ಅಳೆಯುತ್ತ ಮೂಲೆಗೆ ಹೋದರು. ಮೂಲೆಯಲ್ಲಿ ಸಂದಿನ ಮೇಲೆ ಸಂದು ಬರದ ಹಾಗೆ ಕಲ್ಲು ಕಚ್ಚಿಸಿರುವುದನ್ನು ಬೆರಳಿಂದ ತೋರಿಸಿ, "ಕೈ ಚಲೋ ಐತಿ" ಅಂದರು. ಅಪ್ಪನ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಆಮೇಲೆ ಸಂದಿನ ಹತ್ತಿರ ಬಗ್ಗಿ, "ರಿಪೇರಿಗೆ ಏನ ತುಂಬತಾರ, ಸಿಮೆಂಟೋ ಗಚ್ಚೋ, ಕೇಳು" ಅಂದರು. ಸುಣ್ಣಕಲ್ಲು ಮೆತ್ತಗಿನದು. ಸಂದಿಗೆ ಗಟ್ಟಿ ಸಿಮೆಂಟ್ ತುಂಬಿದರೆ ಗೋಡೆಯೊಳಗಿನ ತೇವಕ್ಕೆ ಸಂದಿನಿಂದ ಹೊರಬರಲು ದಾರಿ ಸಿಗುವುದಿಲ್ಲ. ಅದು ಕಲ್ಲಿನ ಮೂಲಕವೇ ಬರುತ್ತದೆ, ಚಳಿಯಲ್ಲಿ ಹೆಪ್ಪುಗಟ್ಟುತ್ತದೆ, ಕಲ್ಲಿನ ಮೈ ಪದರುಪದರಾಗಿ ಉದುರುತ್ತದೆ. ಸುಣ್ಣದ ಗಚ್ಚಾದರೆ ಕಲ್ಲಿಗಿಂತ ಮೆದು. ಸವೆದರೆ ಅದೇ ಸವೆಯುತ್ತದೆ, ಮತ್ತೆ ತುಂಬಬಹುದು. ಅಪ್ಪ ಇದನ್ನು ಹಳೆಯ ವಾಡೆಗಳ ರಿಪೇರಿಯಲ್ಲಿ ಕಲಿತವರು. ಹಳೆಯ ಕಲ್ಲುಗೋಡೆಗಳ ದುರಸ್ತಿಗೆ ನ್ಯಾಷನಲ್ ಪಾರ್ಕ್ ಸರ್ವಿಸ್ ಪ್ರಕಟಿಸಿದ ಕೈಪಿಡಿಯೂ ಇದನ್ನೇ ಹೇಳುತ್ತದೆ ಎಂದು ರೇಂಜರ್ ಅಂದಾಗ ಅಪ್ಪ ತೃಪ್ತಿಯಿಂದ ತಲೆಯಾಡಿಸಿದರು.

ಸಂರಕ್ಷಿತ ಅಂದ ತಕ್ಷಣ ಸರ್ಕಾರ ಎಲ್ಲವನ್ನೂ ವಶಕ್ಕೆ ತೆಗೆದುಕೊಂಡು ಬೇಲಿ ಹಾಕಿದೆ ಎಂದು ನಾವು ತಿಳಿಯುತ್ತೇವೆ. ಅಮೆರಿಕದಲ್ಲಿ ಹಾಗಿಲ್ಲ. 1966ರ ಐತಿಹಾಸಿಕ ಸಂರಕ್ಷಣಾ ಕಾಯ್ದೆಯಿಂದ ಬಂದ ರಾಷ್ಟ್ರೀಯ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಖಾಸಗಿ ಮಾಲೀಕ ತನ್ನ ಹಣದಲ್ಲಿ ತನ್ನ ಕಟ್ಟಡ ಕೆಡವುವುದನ್ನು ಕೇಂದ್ರ ಸರ್ಕಾರ ತಡೆಯಲಾಗುವುದಿಲ್ಲ. ಸರ್ಕಾರದ ದುಡ್ಡು, ಪರವಾನಗಿ ಬೇಕಾದ ಕೆಲಸವಾದರೆ ಮಾತ್ರ ಪಟ್ಟಿಯಲ್ಲಿರುವ ಜಾಗಕ್ಕೆ ಏನಾಗುತ್ತದೆ ಎಂದು ಮೊದಲೇ ವಿಚಾರಿಸಬೇಕು. ನಿಕೋಡಿಮಸ್‌ನಲ್ಲಿ ಪಾರ್ಕ್ ಸರ್ವಿಸ್ ಎ.ಎಂ.ಇ. ಚರ್ಚನ್ನು ಕೊಂಡು ದುರಸ್ತಿ ಮಾಡಿಸಿತು. ಬೇರೆ ಕಟ್ಟಡಗಳ ವಿಷಯದಲ್ಲಿ ಅದು ಮಾಲೀಕರ ಜೊತೆ ಕೂತು ಮಾತಾಡಿಯೇ ಕೆಲಸ ಮಾಡಬೇಕು. ಹಾಗಾಗಿ ಈ ಐದು ಕಟ್ಟಡ ಇಷ್ಟು ಕಾಲ ಉಳಿದಿವೆ ಎಂದರೆ ಮೊದಲ ಋಣ ಊರಿನವರದು. 1996ರ ಕಾನೂನಿಗೆ ವರ್ಷಗಟ್ಟಲೆ ಓಡಾಡಿದವರೂ ಆ ಮೊದಲ ಮನೆತನಗಳ ಮೊಮ್ಮಕ್ಕಳು, ಮರಿಮಕ್ಕಳೇ. ಇವು ನೋಡಲು ಅಂಥ ಭವ್ಯ ಕಟ್ಟಡಗಳಲ್ಲ. ಕಂಬ, ಕೆತ್ತನೆ, ಗೋಪುರ ಏನೂ ಇಲ್ಲ. ಆದರೆ ನೆಲ ತೋಡಿ ಬದುಕಿದವರು ನೆಲದ ಮೇಲೆ ಎದ್ದು ಕಟ್ಟಿದ ಗೋಡೆಗಳು ಇವು. ದೊಡ್ಡ ಶ್ರೀಮಂತರ ಬಂಗಲೆಗಿಂತ ಇವನ್ನು ಮೊದಲು ಕಾಯಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಇದೇ ಕೌಂಟಿಯಲ್ಲಿ, ಹಿಲ್ ಸಿಟಿಯ ಪಶ್ಚಿಮಕ್ಕೆ ಪೆನೋಕಿ ಹತ್ತಿರದ ಗುಡ್ಡದ ಮೇಲೆ ಕಲ್ಲು ಜೋಡಿಸಿ ಬಿಡಿಸಿದ ಮನುಷ್ಯಾಕೃತಿಯೊಂದಿದೆ. ಮೂಲನಿವಾಸಿಗಳು ಮಾಡಿದ್ದು, ಅದೂ ರಾಷ್ಟ್ರೀಯ ಪಟ್ಟಿಯಲ್ಲಿದೆ. ಅಪ್ಪನಿಗೆ ನೋಡುವ ಆಸೆಯಿತ್ತು. ಆದರೆ ಅಂಥ ಜಾಗಗಳಿಗೆ ಜನರ ಕಣ್ಣಿಗೆ ಬೀಳದಿರುವುದೇ ಕಾವಲು. ಜಾಗ ಖಾಸಗಿ ಜಮೀನಿನಲ್ಲಿದೆ ಎಂದು ಹೇಳಿ ಅವರನ್ನು ಒಪ್ಪಿಸಿದೆ.

ಈ ದಾರಿಯಲ್ಲಿ ಹೋಗುವವರು ಹಿಲ್ ಸಿಟಿಯಲ್ಲೋ ಪೂರ್ವದ ಸ್ಟಾಕ್‌ಟನ್‌ನಲ್ಲೋ ಪೆಟ್ರೋಲ್ ತುಂಬಿಸಿಕೊಳ್ಳಿ, ತಿನ್ನಲು ಜೊತೆಗಿಟ್ಟುಕೊಳ್ಳಿ, ಸಂದರ್ಶಕರ ಕೇಂದ್ರ ಯಾವ ದಿನ ತೆರೆದಿರುತ್ತದೆ ಎಂದು ಮೊದಲೇ ನೋಡಿಕೊಳ್ಳಿ. ಸಾಧ್ಯವಾದರೆ ಜುಲೈ ಕೊನೆಯ ವಾರಾಂತ್ಯಕ್ಕೆ ಹೋಗಿ. ಮೊದಲ ವಲಸಿಗರು ಗುಲಾಮಗಿರಿಯ ವಿಮೋಚನೆಯ ನೆನಪಿಗೆ ಆಚರಿಸುತ್ತಿದ್ದ ಹಬ್ಬಕ್ಕೆ ಈಗ ಹೋಮ್‌ಕಮಿಂಗ್ ಎನ್ನುತ್ತಾರೆ. ದೇಶದ ಮೂಲೆಮೂಲೆಗಳಿಂದ ಮಕ್ಕಳು, ಮೊಮ್ಮಕ್ಕಳು ಊರಿಗೆ ಬರುತ್ತಾರೆ. ಮೆರವಣಿಗೆ, ಊಟ, ಪ್ರಾರ್ಥನೆ ಎಲ್ಲ ಇರುತ್ತದೆ. ನಾವು ಹೋದಾಗ ಖಾಲಿ ಕಂಡ ಓಣಿಗಳಲ್ಲಿ ಆಗ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲವಂತೆ. ಕಾರು ಹತ್ತುವಾಗಲೇ ಅಪ್ಪ ಹೇಳಿಬಿಟ್ಟರು: "ಮುಂದಿನ ಸಲ ನಮಗ ಜುಲೈದಾಗ ಟಿಕೀಟ ತಗಿ."