67ಕ್ಕೆ ಬಣ್ಣ ಹಚ್ಚಿದ ಅಜ್ಜ

ಮಗಳ ಮನೆಗೆಂದು ಆರು ತಿಂಗಳು ಅಮೆರಿಕಕ್ಕೆ ಹೋಗಿದ್ದೆ. ಹೋಗಿ ಬಂದವರಿಗೆಲ್ಲ ಗೊತ್ತು, ಮೊದಲ ಹದಿನೈದು ದಿನ ಸಂಭ್ರಮ. ಆಮೇಲೆ ಮಧ್ಯಾಹ್ನ ಅನ್ನುವುದು ಮುಗಿಯುವುದೇ ಇಲ್ಲ. ಮಗಳು, ಅಳಿಯ ಆಫೀಸಿಗೆ. ಮೊಮ್ಮಗ ಶಾಲೆಗೆ. ನನಗೆ ಕಾರು ಓಡಿಸಲು ಬರುವುದಿಲ್ಲ. ಟೀವಿಯೇ ಗತಿ. ಹಳೆಯ ಸೀರಿಯಲ್‌ಗಳನ್ನೇ ಹಾಕುವ ಒಂದು ಚಾನೆಲ್ ಸಿಕ್ಕಿತು. ಹೆಚ್ಚಿನವು ಕಪ್ಪು ಬಿಳುಪು. ಮಾತೂ ನಿಧಾನ, ಹಾಗಾಗಿ ನನಗೂ ಅರ್ಥವಾಗುತ್ತಿತ್ತು.

ಅಲ್ಲಿ ಒಬ್ಬ ಮುದುಕ ನನ್ನ ಬೆನ್ನು ಬಿದ್ದ. ಒಂದು ಸೀರಿಯಲ್‌ನಲ್ಲಿ ಅವನು ಫೈರ್ ಸ್ಟೇಷನ್‌ನಲ್ಲಿ ಕೂತಿರುತ್ತಿದ್ದ. ಇನ್ನೊಂದರಲ್ಲಿ ಚೆಕರ್ಸ್ ಆಡುತ್ತಾ ಊರಿನವರ ವಿಷಯಕ್ಕೆಲ್ಲ ಮೂಗು ತೂರಿಸುತ್ತಿದ್ದ. ಪೊಲೀಸ್ ಕಥೆ ಹಾಕಿದರೆ ಅಲ್ಲಿ ಕಳ್ಳನೂ ಅವನೇ! ಬೋಳು ತಲೆ, ಸಣಕಲು ಮೈ, ಚೂಪು ಮೂಗು. ಮೊಮ್ಮಗ ಶಾಲೆಯಿಂದ ಬಂದವನೇ ಬ್ಯಾಗ್ ಎಸೆದು ಕೇಳುತ್ತಿದ್ದ, "ತಾತ, ಇವತ್ತು ಆ ಅಜ್ಜನಿಗೆ ಏನು ಕೆಲಸ?" ನಾನು ವರದಿ ಒಪ್ಪಿಸುತ್ತಿದ್ದೆ.

ಹೆಸರು ಬರ್ಟ್ ಮಸ್ಟಿನ್. ಇಷ್ಟು ಚೆನ್ನಾಗಿ ನಟಿಸುವ ಮನುಷ್ಯ ಹರೆಯದಲ್ಲಿ ಹೇಗಿದ್ದಿರಬಹುದು, ನೋಡೋಣ ಅಂತ ಅವರ ಹಳೆಯ ಸಿನಿಮಾ ಹುಡುಕಿದೆ. ಒಂದೂ ಇಲ್ಲ. ಮೊದಲ ಸಿನಿಮಾ 1951ರದ್ದು, 'ಡಿಟೆಕ್ಟಿವ್ ಸ್ಟೋರಿ'. ಕರ್ಕ್ ಡಗ್ಲಸ್ ನಾಯಕ. ಠಾಣೆಯಲ್ಲಿ ಕಸ ಗುಡಿಸುವ ವಿಲ್ಲಿ ಅನ್ನುವ ಮುದುಕನ ಪಾತ್ರ ನಮ್ಮ ಮಸ್ಟಿನ್‌ರದ್ದು. ಅವರು ಹುಟ್ಟಿದ್ದು 1884ರಲ್ಲಿ. ಅಂದರೆ ಸಿನಿಮಾಕ್ಕೆ ಕಾಲಿಟ್ಟಾಗ 67 ವರ್ಷ. ಎರಡು ಸಲ ಲೆಕ್ಕ ಹಾಕಿದೆ, ಸರಿಯಾಗಿಯೇ ಇತ್ತು.

ಅಷ್ಟು ವರ್ಷ ಏನು ಮಾಡುತ್ತಿದ್ದರು? ಕಾರು ಮಾರುತ್ತಿದ್ದರು.

ಇದನ್ನು ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಯಾಕೆಂದರೆ ನಾನೂ ಸೇಲ್ಸ್‌ನವನೇ. 34 ವರ್ಷ ಮೆಡಿಕಲ್ ರೆಪ್ ಆಗಿ ಬ್ಯಾಗ್ ಹೊತ್ತವನು.

ಮಸ್ಟಿನ್ ಹುಟ್ಟಿದ್ದು ಪಿಟ್ಸ್‌ಬರ್ಗ್‌ನಲ್ಲಿ. ಪೆನ್ಸಿಲ್ವೇನಿಯಾ ಮಿಲಿಟರಿ ಕಾಲೇಜಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದರು, 1903ರಲ್ಲಿ ಪದವಿ. ಆದರೂ ಕೊನೆಗೆ ಹೊಟ್ಟೆ ಹೊರೆದದ್ದು ಮಾರಾಟದಿಂದ. ನಾಟಕ, ಹಾಡಿನ ಹುಚ್ಚು ಮಾತ್ರ ಮೊದಲಿನಿಂದಲೂ ಇತ್ತು. ನಾಲ್ಕು ಜನ ಸೇರಿ ವಾದ್ಯವಿಲ್ಲದೆ ಹಾಡುವ ಬಾರ್ಬರ್‌ಶಾಪ್ ಪದ್ಧತಿಯ ಹಾಡುಗಾರಿಕೆ ಅವರಿಗೆ ಇಷ್ಟ. ಅಮೆರಿಕದ ರೇಡಿಯೋ ಕಣ್ಣು ಬಿಡುತ್ತಿದ್ದ ಕಾಲ ಅದು. 1920ರ ನವೆಂಬರ್‌ನಲ್ಲಿ ಪಿಟ್ಸ್‌ಬರ್ಗ್‌ನ ಕೆಡಿಕೆಎ ಕೇಂದ್ರ ಚುನಾವಣೆಯ ಫಲಿತಾಂಶ ಓದಿ ಪ್ರಸಾರ ಶುರು ಮಾಡಿತು. ಮರುವರ್ಷವೇ ಮಸ್ಟಿನ್ ಅಲ್ಲಿ ವಾರಕ್ಕೊಮ್ಮೆ ವೆರೈಟಿ ಕಾರ್ಯಕ್ರಮ ನಡೆಸಿಕೊಡುತ್ತಿದ್ದರು. ಆದರೆ ಅನ್ನ ಕೊಟ್ಟದ್ದು ಕಾರೇ. ನಮ್ಮಲ್ಲೂ ಹೀಗೆ ಬ್ಯಾಂಕು, ಎಲ್‌ಐಸಿ ಕೆಲಸ ಮುಗಿಸಿ ಸಂಜೆ ಹವ್ಯಾಸಿ ನಾಟಕಕ್ಕೆ ಓಡುವವರು ಎಷ್ಟು ಜನ ಇಲ್ಲ!

ವಯಸ್ಸಾದ ಮೇಲೆ ಅರಿಝೋನಾಕ್ಕೆ ಹೋಗಿ ನೆಲೆಸಿದರು. ಅಲ್ಲಿ ರಂಗದ ಮೇಲೆ ಅವರನ್ನು ನೋಡಿದ್ದು ವಿಲಿಯಂ ವೈಲರ್. ಅಷ್ಟರಲ್ಲಾಗಲೇ ಎರಡು ಆಸ್ಕರ್ ಗೆದ್ದಿದ್ದ ನಿರ್ದೇಶಕ, ಮುಂದೆ 'ಬೆನ್‌ಹರ್' ಮಾಡಿದವರು. ಅವರೇ ಕರೆದು ಆ ಕಸ ಗುಡಿಸುವ ಪಾತ್ರ ಕೊಟ್ಟರು.

ಸಣ್ಣ ಪಾತ್ರ ಸುಲಭ ಅಂದುಕೊಂಡವರಿಗೆ ನನ್ನದೇ ಒಂದು ಕಥೆ ಹೇಳುತ್ತೇನೆ. ಹೈಸ್ಕೂಲಿನಲ್ಲಿ ನಾನೂ ಒಮ್ಮೆ ಬಣ್ಣ ಹಚ್ಚಿದ್ದೆ. ದ್ವಾರಪಾಲಕ. ನನಗಿದ್ದದ್ದು ಒಂದೇ ಮಾತು, "ಮಹಾಪ್ರಭು, ದೂತರು ಬಂದಿದ್ದಾರೆ." ಒಂದೂವರೆ ತಿಂಗಳು ಅದನ್ನೇ ಉರು ಹೊಡೆದಿದ್ದೆ. ಪರದೆ ಎದ್ದ ದಿನ, ದೂತರು ಬಂದು ಪಕ್ಕದಲ್ಲೇ ನಿಂತಿದ್ದರೂ ನನ್ನ ಬಾಯಿ ಬಿಡಲಿಲ್ಲ. ಕೊನೆಗೆ ಮಹಾರಾಜನೇ "ಯಾರೋ ಬಂದ ಹಾಗಿದೆ" ಅಂದ. ನಾಯಕನಿಗೆ ತಪ್ಪು ತಿದ್ದಿಕೊಳ್ಳಲು ಎರಡು ಗಂಟೆ ಇರುತ್ತದೆ. ದ್ವಾರಪಾಲಕನಿಗೆ ಅರ್ಧ ನಿಮಿಷ.

ನಮ್ಮ ರೆಪ್ ಕೆಲಸವೂ ಅದೇ. ಹೊರಗೆ ಪೇಷೆಂಟ್‌ಗಳ ಸಾಲು. ಒಳಗೆ ಡಾಕ್ಟರು ಗಡಿಯಾರ ನೋಡುತ್ತಿರುತ್ತಾರೆ. ನಮಗೆ ಸಿಗುವುದು ಎರಡು ನಿಮಿಷ, ಅದೂ ಅವರ ಮೂಡ್ ಚೆನ್ನಾಗಿದ್ದರೆ. ಅಷ್ಟರಲ್ಲಿ ಬಾಗಿಲು ದೂಡಬೇಕು, ನಗಬೇಕು, ಮಾತ್ರೆಯ ವಿಷಯ ಹೇಳಬೇಕು, ಸ್ಯಾಂಪಲ್ ಇಡಬೇಕು, ಹೊರಡಬೇಕು. ಇದಕ್ಕೆ ನಾವು ಡಿಟೇಲಿಂಗ್ ಅನ್ನುತ್ತೇವೆ. ಜಾಸ್ತಿ ಹೊತ್ತು ನಿಂತರೆ ಮುಂದಿನ ಸಲ ಒಳಗೇ ಬಿಡುವುದಿಲ್ಲ. ಕೋಣೆ ಅವರದ್ದು, ನಾವು ಬಂದು ಹೋಗುವವರು.

ಮಸ್ಟಿನ್ ಒಂದು ದೃಶ್ಯಕ್ಕೆ ಬರುವುದನ್ನು ನೋಡಿ. ಬಾಗಿಲು ತೆರೆದ ತಕ್ಷಣ ಈ ಮನುಷ್ಯ ಯಾರು, ಇವನನ್ನು ನಂಬಬಹುದೇ ಅನ್ನುವುದು ಗೊತ್ತಾಗುತ್ತದೆ. ಎರಡು ಮಾತು ಆಡುತ್ತಾರೆ. ನಾಯಕನ ಬೆಳಕಿಗೆ ಅಡ್ಡ ನಿಲ್ಲುವುದಿಲ್ಲ. ಹೊರಡುತ್ತಾರೆ. 67ಕ್ಕೆ ನಟನೆ ಶುರು ಮಾಡಿದರು ಅಂತ ಎಲ್ಲರೂ ಬೆರಗಾಗುತ್ತಾರೆ. ನನಗೇನೋ ಅವರು ಕಾರು ಮಾರುವಾಗಲೇ ಶುರು ಮಾಡಿದ್ದರು ಅನ್ನಿಸುತ್ತದೆ. ಗಿರಾಕಿಯ ಮುಂದೆ ದಿನಾ ಹತ್ತು ಸಲ ಪ್ರವೇಶ, ಹತ್ತು ಸಲ ನಿರ್ಗಮನ. ಕ್ಯಾಮೆರಾ ಮಾತ್ರ ತಡವಾಗಿ ಬಂತು.

ಬಂದ ಮೇಲೆ ಬಿಡುವೇ ಇಲ್ಲ. 150ಕ್ಕೂ ಹೆಚ್ಚು ಸಿನಿಮಾ, ಸೀರಿಯಲ್. ಬೇರೆ ನಟರಿಗೆ ವಯಸ್ಸಾದ ಹಾಗೆ ಕರೆಯುವವರು ಕಡಿಮೆಯಾಗುತ್ತಾರೆ. ಇವರಿಗೆ ವಯಸ್ಸಾದಷ್ಟೂ ಡಿಮ್ಯಾಂಡ್ ಜಾಸ್ತಿ. ಮೇಕಪ್ಪಿನ ಖರ್ಚೂ ಇಲ್ಲ, ಅಲ್ವಾ?

ಎಲ್ಲ ಪಾತ್ರಗಳೂ ಚೆನ್ನಾಗಿದ್ದವು ಅಂತ ನಾನು ಹೇಳುವುದಿಲ್ಲ. ಎಷ್ಟೋ ಕಡೆ ಮುದುಕ ಅನ್ನುವುದೇ ಜೋಕು. ತತ್ತರಿಸುತ್ತಾ ಬರಬೇಕು, ತಪ್ಪು ಕೇಳಿಸಿಕೊಳ್ಳಬೇಕು, ಹಿನ್ನೆಲೆಯಲ್ಲಿ ನಗು. ಅಂಥವು ಬಂದಾಗ ನಾನು ಚಾನೆಲ್ ಬದಲಿಸುತ್ತಿದ್ದೆ. ಆದರೆ 'ಲೀವ್ ಇಟ್ ಟು ಬೀವರ್'ನ ಗಸ್ ಹಾಗಲ್ಲ. ಫೈರ್ ಸ್ಟೇಷನ್‌ನ ಆ ಅಜ್ಜ ಪುಟ್ಟ ಹುಡುಗನ ಜೊತೆ ಸಮಾನ ವಯಸ್ಕನ ಹಾಗೆ ಮಾತಾಡುತ್ತಾನೆ. ಮುದ್ದು ಮಾಡುವುದಿಲ್ಲ, ಉಪದೇಶ ಮಾಡಿದರೂ ಅದು ಉಪದೇಶ ಅನ್ನಿಸುವುದಿಲ್ಲ. ನನ್ನ ಮೊಮ್ಮಗನಿಗೂ ಅವನೇ ಇಷ್ಟ.

'ಟ್ವಿಲೈಟ್ ಝೋನ್'ನಲ್ಲಿ ವೃದ್ಧಾಶ್ರಮದ ಒಂದು ಕಥೆಯಿದೆ. ರಾತ್ರಿ ಹೊತ್ತು ಮುದುಕರು ಡಬ್ಬಿ ಒದೆಯುವ ಆಟಕ್ಕೆ ಹೊರಟು ಮಕ್ಕಳಾಗಿಬಿಡುತ್ತಾರೆ. ಆಶ್ರಮದ ಮುದುಕರಲ್ಲಿ ಮಸ್ಟಿನ್ ಕೂಡ ಒಬ್ಬರು. ಅದು ಪ್ರಸಾರವಾದದ್ದು 1962ರ ಫೆಬ್ರುವರಿ 9ರಂದು, ಅವರಿಗೆ 78 ತುಂಬಿದ ಮರುದಿನ.

ನನಗೆ ತುಂಬಾ ಹಿಡಿಸಿದ್ದು 1973ರ 'ಬ್ರೇಡಿ ಬಂಚ್'ನ ಒಂದು ಕಂತು. ಮನೆಯ ಕಿರಿಯ ಹುಡುಗನಿಗೆ ಜೆಸ್ಸಿ ಜೇಮ್ಸ್ ಎಂಬ ಹಳೆಯ ದರೋಡೆಕೋರನೇ ಹೀರೋ. ಆ ಭ್ರಮೆ ಬಿಡಿಸಬೇಕು. ಅದಕ್ಕೆ ಒಬ್ಬ ವೃದ್ಧ ಬಂದು, ನನ್ನ ಅಪ್ಪನನ್ನು ಕೊಂದದ್ದು ಅವನೇ ಅಂತ ಹೇಳುತ್ತಾನೆ. ಆ ವೃದ್ಧ ನಮ್ಮ ಮಸ್ಟಿನ್. ನಿಜವಾದ ಜೆಸ್ಸಿ ಜೇಮ್ಸ್ ಸತ್ತದ್ದು 1882ರಲ್ಲಿ. ಮಸ್ಟಿನ್ ಹುಟ್ಟಿದ್ದು ಅದಾಗಿ ಎರಡೇ ವರ್ಷಕ್ಕೆ. ಇನ್ಯಾರು ಬಂದು ಆ ಮಾತು ಹೇಳಿದ್ದರೂ ಅದು ಸುಮ್ನೆ ಡೈಲಾಗ್ ಆಗುತ್ತಿತ್ತು. ಇವರ ಮುಖ ನೋಡಿದರೆ ಸಾಕ್ಷಿ ನುಡಿಯಲು ಬಂದ ಹಾಗಿದೆ.

ಅದೇ ವರ್ಷ 'ಆಲ್ ಇನ್ ದ ಫ್ಯಾಮಿಲಿ'ಯಲ್ಲಿ ಜಸ್ಟಿನ್ ಕ್ವಿಗ್ಲಿ ಎಂಬ ಪಾತ್ರ ಸಿಕ್ಕಿತು. ವೃದ್ಧಾಶ್ರಮದಿಂದ ಓಡಿ ಬಂದವನು. ಅವನಿಗೊಬ್ಬಳು ಗೆಳತಿಯೂ ಇದ್ದಾಳೆ. ಇಲ್ಲಿ ನಗು ಮುದುಕನ ಮೇಲಲ್ಲ, ಅವನನ್ನು ಎಲ್ಲಿ ಇಡಬೇಕೆಂದು ಗೊತ್ತಾಗದೆ ಪೇಚಾಡುವವರ ಮೇಲೆ. ಆಗ ಮಸ್ಟಿನ್‌ರಿಗೆ 89. ಮಾತಿನ ಟೈಮಿಂಗ್ ಒಂಚೂರೂ ತಪ್ಪಿಲ್ಲ. ನನಗೆ 34 ವರ್ಷದ ಸರ್ವಿಸ್‌ನಲ್ಲಿ ಬರದೇ ಇದ್ದದ್ದು ಅದೇ, ಎಲ್ಲಿ ನಿಲ್ಲಿಸಬೇಕು ಅನ್ನುವುದು.

ಕೊನೆಯದ್ದು 'ಫಿಲಿಸ್' ಎಂಬ ಸೀರಿಯಲ್. ಅದರಲ್ಲಿ ಮದರ್ ಡೆಕ್ಸ್‌ಟರ್ ಎಂಬ ಬಾಯಿಬಡುಕಿ ಅಜ್ಜಿಗೂ ಮಸ್ಟಿನ್‌ರ ಆರ್ಥರ್‌ಗೂ ಮದುವೆ. ಅಜ್ಜಿಯ ಪಾತ್ರ ಮಾಡಿದ ಜೂಡಿತ್ ಲೌರಿ 1976ರ ನವೆಂಬರ್ 29ರಂದು ತೀರಿಕೊಂಡರು. ಮದುವೆಯ ಕಂತು ಪ್ರಸಾರವಾದದ್ದು ಡಿಸೆಂಬರ್‌ನಲ್ಲಿ. 1977ರ ಜನವರಿ 28ರಂದು ಮಸ್ಟಿನ್ ಕೂಡ ಹೋದರು. 93 ತುಂಬಲು ಹನ್ನೊಂದು ದಿನ ಬಾಕಿ ಇತ್ತು. ಆ ಮದುವೆ ನೋಡುವಾಗ ನನಗೆ ಇದೆಲ್ಲ ಗೊತ್ತಿತ್ತು. ಹಿನ್ನೆಲೆಯಲ್ಲಿ ನಗುತ್ತಿದ್ದವರಿಗೆ ಗೊತ್ತಿರಲಿಲ್ಲ. ಅವರ ಜೊತೆ ನಾನೂ ನಕ್ಕೆ, ಏನು ಮಾಡಲಿ, ಅಜ್ಜ ಅಜ್ಜಿ ಅಷ್ಟು ಚೆನ್ನಾಗಿ ಆಡಿದ್ದರು.

ನಮ್ಮ ಪೋಸ್ಟರ್‌ಗಳಲ್ಲಿ ನಾಲ್ಕೈದು ಹೆಸರಾದ ಮೇಲೆ 'ಮತ್ತಿತರರು' ಅಂತ ಹಾಕುತ್ತಾರಲ್ಲ, ಊರಿಗೆ ಬಂದ ಮೇಲೆ ಆ ಮತ್ತಿತರರನ್ನೇ ನೋಡುವ ಚಟ ಹತ್ತಿದೆ. ನಾಯಕ ಹಾಡುತ್ತಿದ್ದರೆ ನಾನು ಹಿಂದೆ ಕಾಫಿ ತಂದಿಟ್ಟು ಹೋದವನ ಕೈ ನೋಡುತ್ತೇನೆ. ಹೆಂಡತಿ ಬೈಯುತ್ತಾಳೆ, ಕಥೆ ಎಲ್ಲಿಗೆ ಬಂತು ಅಂತ ಕೇಳಿದರೆ ನನಗೆ ಗೊತ್ತಿರುವುದಿಲ್ಲ.

ಮೊನ್ನೆ ಮೊಮ್ಮಗನಿಂದ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಟೀವಿ ಪರದೆಯನ್ನೇ ತೆಗೆದದ್ದು, ಅಂಚಿನಲ್ಲಿ ಅರ್ಧ ಮುಖ. ಜೊತೆಗೆ ಅವನ ದನಿ. "ತಾತ, ಇವತ್ತು ಅಜ್ಜನಿಗೆ ಏನೂ ಕೆಲಸ ಇಲ್ಲ. ಸುಮ್ನೆ ಕೂತಿದ್ದಾನೆ."