ಸೋದರಮಾವನಿಗೆ ಸಿಗದ ಕುರ್ಚಿ

ನಾನು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ, ಏರೋನಾಟಿಕ್ಸ್ ವಿಭಾಗ ಸೇರಿದ್ದು 1978ರಲ್ಲಿ. ಹಾಸನದ ಕಡೆಯ ಹುಡುಗ. ವಿಮಾನದ ಮಾದರಿಗಳನ್ನು ಗಾಳಿ ಬೀಸಿ ಪರೀಕ್ಷಿಸುವ ವಿಂಡ್ ಟನಲ್ ಕಟ್ಟಡದ ನೆರಳಲ್ಲಿ ಕೂತು ಟೀ ಕುಡಿದಿದ್ದೇ ಜಾಸ್ತಿ. ಅದನ್ನು ಕಟ್ಟಿಸಿದವರು ಯಾರು ಅಂತ ಒಮ್ಮೆಯೂ ಕೇಳಿರಲಿಲ್ಲ.

ಒಂದು ಸಂಜೆ ನಮ್ಮ ಮೇಷ್ಟ್ರೂ ಅಲ್ಲಿ ಬಂದು ಕೂತರು. "ನಿನ್ನ ತಾಯಿಯ ತಾಯಿ ಹೆಸರೇನಯ್ಯಾ?" ಅಂದರು. ಹೇಳಿದೆ. "ಅಪ್ಪನ ತಾಯಿ?" ತಡವರಿಸಿದೆ. ನಾನು ಹುಟ್ಟುವ ಮೊದಲೇ ತೀರಿಹೋದವರು, ಮನೆಯಲ್ಲಿ ಎಲ್ಲರ ಬಾಯಲ್ಲೂ ಬರೀ 'ಅಜ್ಜಿ'. "ಸರಿ, ನಿನ್ನ ಕೆಲಸ ಹೋಯ್ತು" ಅಂದರು. ನಗಲಿಲ್ಲ.

ಆಮೇಲೆ ಕಥೆ ಬಿಚ್ಚಿದರು. 1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಏಪ್ರಿಲ್ 7ಕ್ಕೆ ಕಾನೂನು ಬಂತು: ಸರ್ಕಾರಿ ಕೆಲಸದಲ್ಲಿ ಯಹೂದಿಗಳು ಇರಕೂಡದು. ನಾಲ್ಕು ಅಜ್ಜ ಅಜ್ಜಿಯರಲ್ಲಿ ಒಬ್ಬರು ಯಹೂದಿಯಾಗಿದ್ದರೂ ಸಾಕು. ಜರ್ಮನಿಯ ಗಾಟಿಂಗೆನ್‌ನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದ ಮ್ಯಾಕ್ಸ್ ಬಾರ್ನ್ 1914ರಲ್ಲೇ ಕ್ರೈಸ್ತರಾಗಿದ್ದವರು. ಅದನ್ನು ಯಾರು ಕೇಳುತ್ತಾರೆ? ತನ್ನನ್ನು ಕೆಲಸದಿಂದ ದೂರವಿಟ್ಟ ಸುದ್ದಿಯನ್ನು ಅವರು ಪೇಪರಿನಲ್ಲಿ ಓದಿದರು. ಅವರ ಗೆಳೆಯ ಜೇಮ್ಸ್ ಫ್ರಾಂಕ್‌ಗೆ, ಮೊದಲ ಮಹಾಯುದ್ಧದಲ್ಲಿ ಹೋರಾಡಿದ್ದಕ್ಕೆ, ಕಾನೂನು ವಿನಾಯಿತಿ ಕೊಟ್ಟಿತ್ತು. ಅವರು ಅದನ್ನು ಬಳಸಿಕೊಳ್ಳದೆ ರಾಜೀನಾಮೆ ಕೊಟ್ಟರು. ಗಣಿತದ ಎಮ್ಮಿ ನೋಥರ್ ಕೂಡ ಕೆಲಸ ಕಳೆದುಕೊಂಡರು.

ಆಗ ಜರ್ಮನಿಯಲ್ಲಿದ್ದ ಯಹೂದಿಗಳು ಸುಮಾರು 5 ಲಕ್ಷ. 1939ರಲ್ಲಿ ಯುದ್ಧ ಶುರುವಾಗುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಜನ ದೇಶ ಬಿಟ್ಟಿದ್ದರು. ಎಲ್ಲರೂ ಹೆಸರಾಂತ ವಿಜ್ಞಾನಿಗಳಲ್ಲವಲ್ಲ. ದರ್ಜಿಗಳು, ಅಂಗಡಿಯವರು, ಮುದುಕರು. ಅವರನ್ನು ಕರೆಯುವವರು ಯಾರು?

ಬಾರ್ನ್ ಅವರನ್ನು, ಆಗ ನಮ್ಮ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಇಲ್ಲಿಗೆ ಕರೆದರು. 1935ರ ಕೊನೆಗೆ ಬಂದು ಸುಮಾರು ಆರು ತಿಂಗಳು ಇದ್ದರು. ಕಾಯಂ ಹುದ್ದೆ ಕೊಡಿಸಬೇಕೆಂದು ರಾಮನ್ ಹಟ ಹಿಡಿದರು. ಸಭೆಯಲ್ಲಿ ಒಬ್ಬ ಇಂಗ್ಲಿಷ್ ಪ್ರೊಫೆಸರ್ ಎದ್ದು, ಸ್ವಂತ ದೇಶದಿಂದ ಓಡಿಸಲ್ಪಟ್ಟ ಎರಡನೇ ದರ್ಜೆಯವನು ನಮಗೆ ಬೇಡ ಎಂಬರ್ಥದ ಮಾತಾಡಿದರಂತೆ. ಬಾರ್ನ್ ಅಲ್ಲೇ ಕೂತಿದ್ದರು. ಮನೆಗೆ ಹೋಗಿ ಅತ್ತೆ ಅಂತ ತಾವೇ ಬರೆದಿದ್ದಾರೆ. ಹುದ್ದೆ ಸಿಗಲಿಲ್ಲ. 1936ರಲ್ಲಿ ಎಡಿನ್‌ಬರೋ ಸೇರಿದರು. 1954ರಲ್ಲಿ ನೊಬೆಲ್ ಬಂತು. ಎರಡನೇ ದರ್ಜೆ!

"ಈಗ ತಲೆ ಎತ್ತಿ ನೋಡು" ಅಂದರು ಮೇಷ್ಟ್ರು. ಬಾರ್ನ್ ಅವರ ತಂಗಿಯ ಮಗ ಒಟ್ಟೊ ಕೊನಿಗ್ಸ್‌ಬರ್ಗರ್, ಬರ್ಲಿನ್ನಿನ ಆರ್ಕಿಟೆಕ್ಟ್. ಅವರ ಕೆಲಸವೂ 1933ರಲ್ಲೇ ಹೋಯಿತು. ಈಜಿಪ್ಟಿಗೆ ಹೋದರು. 1939ರಲ್ಲಿ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಮೈಸೂರು ಸಂಸ್ಥಾನದ ಆರ್ಕಿಟೆಕ್ಟ್ ಆದರು. ನಮ್ಮ ಏರೋನಾಟಿಕ್ಸ್, ಆಚೆಯ ಮೆಟಲರ್ಜಿ ವಿಭಾಗ, ಎರಡೂ ಅವರ ನಕ್ಷೆಯವೇ. ಸೋದರಮಾವನಿಗೆ ಒಂದು ಕುರ್ಚಿ ಕೊಡದ ಜಾಗದಲ್ಲೇ ಅಳಿಯ ಕಟ್ಟಡ ಎಬ್ಬಿಸಿದ್ದ. ನಾನು ಅದರ ಗೋಡೆಗೆ ಒರಗಿ ಟೀ ಕುಡಿಯುತ್ತಿದ್ದೆ.

ರಜೆಗೆ ಊರಿಗೆ ಹೋದಾಗ ಅಪ್ಪನನ್ನು ಅಜ್ಜಿಯ ಹೆಸರು ಕೇಳಿದೆ. ಅಪ್ಪ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಯಾಕೋ, ಯಾವುದಾದ್ರೂ ಫಾರಂ ತುಂಬ್ಬೇಕಾ?"