ಸಾಲದ ಲೆಕ್ಕವನ್ನು ಗೆಳತಿಗೆ ಓದಿ ಹೇಳುವುದು

ಸಾಲ ಇರುವ ಮನೆಯಲ್ಲಿ ಎಲ್ಲ ಮಾತೂ ನಡೆಯುತ್ತದೆ, ಸಾಲದ ಮಾತೊಂದು ಬಿಟ್ಟು. ಚಾಲಿ (ಸುಲಿದ ಒಣ ಅಡಿಕೆ) ರೇಟು ಎಷ್ಟಾಯ್ತು, ಯಾರ ಮನೆಯ ಉಪನಯನ ಯಾವತ್ತು, ಯಾರ ಮಗ ಬೆಂಗಳೂರಲ್ಲಿ ಸೈಟು ತಗೊಂಡ, ಎಲ್ಲ ಬರುತ್ತದೆ. ಒಟ್ಟು ಸಾಲ ಎಷ್ಟು ಅಂತ ಕೇಳಿದರೆ ಗಂಡನಿಗೆ ಅರ್ಧ ಗೊತ್ತಿರುತ್ತದೆ, ಹೆಂಡತಿಗೆ ಇನ್ನರ್ಧ. ನಮ್ಮಲ್ಲೂ ಹಾಗೇ ಇತ್ತು. ತಮಾಷೆ ಏನಂದರೆ ನಮ್ಮವರು ಶಿರಸಿ ಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವರು!

ನಮಗೆ ಊರಲ್ಲಿ ಸಣ್ಣ ಅಡಿಕೆ ತೋಟ ಇದೆ, ಶಿರಸಿಯಲ್ಲಿ ಬಾಡಿಗೆ ಮನೆ. ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಸಾಲಗಳು ಅಂದರೆ ಸೊಸೈಟಿಯ ಬೆಳೆಸಾಲ, ನನ್ನ ಬಳೆ ಅಡವಿಟ್ಟು ತೆಗೆದ ಚಿನ್ನದ ಸಾಲ, ಬೈಕಿನ ಕಂತು, ಕ್ರೆಡಿಟ್ ಕಾರ್ಡಿನ ಬಾಕಿ, ಮಾವನವರ ಆಪರೇಷನ್ ಹೊತ್ತಿಗೆ ಸಂಬಂಧಿಕರೊಬ್ಬರಿಂದ ತಂದ ಕೈಗಡ, ಮತ್ತೆ ಕಿರಾಣಿ ಅಂಗಡಿಯ ಉದ್ರಿ. ಒಂದು ವರ್ಷ ಕೊಳೆರೋಗ ಬಂದು ಫಸಲು ಉದುರಿ ಹೋಯಿತು, ಅದೇ ವರ್ಷ ಆಸ್ಪತ್ರೆ. ಅಲ್ಲಿಂದ ಶುರು.

ಮೊದಲು ಮಾಡಿದ ಕೆಲಸ ಎಲ್ಲ ಬಡ್ಡಿಯನ್ನೂ ವರ್ಷದ ಲೆಕ್ಕಕ್ಕೆ ತಂದು ಒಂದೇ ಹಾಳೆಯಲ್ಲಿ ಬರೆದದ್ದು. ನಮ್ಮ ಕಡೆ ಬಡ್ಡಿಯನ್ನು ನೂರಕ್ಕೆ ಎರಡು, ನೂರಕ್ಕೆ ಮೂರು ಅಂತಾರೆ. ಕೇಳಲಿಕ್ಕೆ ಎಷ್ಟು ಸಣ್ಣದು ಅಲ್ವಾ? ಅದು ತಿಂಗಳಿಗೆ. ವರ್ಷಕ್ಕೆ ಶೇಕಡಾ 24, 36. ಕಾರ್ಡಿನ ಬಿಲ್ಲಲ್ಲಿ ಮೂರೂವರೆ ಅಂತ ಇತ್ತು, ಅದೂ ತಿಂಗಳಿಗೆ, ವರ್ಷಕ್ಕೆ 42, ಮೇಲೆ ಆ ಬಡ್ಡಿಗೆ ಜಿಎಸ್‌ಟಿ ಬೇರೆ. ಮಿನಿಮಮ್ ಡ್ಯೂ, ಅಂದರೆ ಕನಿಷ್ಠ ಕಟ್ಟಲೇಬೇಕಾದಷ್ಟು ಮಾತ್ರ ಕಟ್ಟಿದರೆ ಲೇಟ್ ಫೀ ಬೀಳುವುದಿಲ್ಲ ಅಷ್ಟೇ, ಬಡ್ಡಿ ನಿಲ್ಲುವುದಿಲ್ಲ. ಹಳೇ ಬಾಕಿ ಉಳಿಸಿಕೊಂಡು ಅದೇ ಕಾರ್ಡಲ್ಲಿ ಹೊಸದಾಗಿ ಒಂದು ಕುಕ್ಕರ್ ತಗೊಂಡರೂ ಆ ಕುಕ್ಕರ್‌ಗೆ ತಗೊಂಡ ದಿನದಿಂದಲೇ ಬಡ್ಡಿ, ಬಡ್ಡಿಯಿಲ್ಲದ ದಿನಗಳ ಸೌಲಭ್ಯ ಬಾಕಿ ಇಲ್ಲದವರಿಗೆ ಮಾತ್ರ.

ಬೈಕಿನದು ಇನ್ನೊಂದು ಕಥೆ. ಶೋರೂಮಿನಲ್ಲಿ ‘12 ಪರ್ಸೆಂಟ್ ಫ್ಲ್ಯಾಟ್’ ಅಂದರು. 1 ಲಕ್ಷಕ್ಕೆ 2 ವರ್ಷದ ಬಡ್ಡಿ 24 ಸಾವಿರ, ಒಟ್ಟು 1,24,000, ಅದನ್ನು 24 ಕಂತು ಮಾಡಿದರೆ ತಿಂಗಳಿಗೆ ಸುಮಾರು 5,167 ರೂಪಾಯಿ. ಲೆಕ್ಕ ಸರಿಯಾಗೇ ಇದೆ. ಆದರೆ ಪ್ರತಿ ಕಂತಿನಲ್ಲೂ ಅಸಲು ಕರಗುತ್ತಾ ಬರುತ್ತದಲ್ಲ, ಕೊನೇ ತಿಂಗಳು ನಮ್ಮ ಹತ್ತಿರ ಉಳಿದ ಅವರ ಹಣ ಐದು ಸಾವಿರದ ಆಸುಪಾಸು ಅಷ್ಟೇ. ಬಡ್ಡಿ ಮಾತ್ರ ಆಗಲೂ ಪೂರ್ತಿ ಲಕ್ಷದ ಮೇಲೆ! ಇಳಿಯುವ ಬಾಕಿಯ ಲೆಕ್ಕಕ್ಕೆ ತಂದರೆ ಅದು ಹತ್ತಿರ ಹತ್ತಿರ 21.5 ಪರ್ಸೆಂಟ್. ನಮ್ಮವರು ಎರಡೆರಡು ಸಲ ಕ್ಯಾಲ್ಕುಲೇಟರ್ ಒತ್ತಿ ನೋಡಿ, ಸುಮ್ನೆ ಎದ್ದು ಚಹಾ ಮಾಡಲಿಕ್ಕೆ ಹೋದರು. ಅವರು ತಾವಾಗಿ ಚಹಾ ಮಾಡುವುದು ಅಪರೂಪ.

ಎಲ್ಲಕ್ಕಿಂತ ಅಗ್ಗದ್ದು ಸೊಸೈಟಿಯದು. ಸಹಕಾರಿ ಸಂಘದ ಅಲ್ಪಾವಧಿ ಬೆಳೆಸಾಲಕ್ಕೆ ನಮ್ಮ ರಾಜ್ಯದಲ್ಲಿ ಬಡ್ಡಿ ಸೊನ್ನೆ. ಮೊದಲು 3 ಲಕ್ಷದ ತನಕ ಇತ್ತು, 2023ರ ಬಜೆಟ್ಟಿನಲ್ಲಿ 5 ಲಕ್ಷಕ್ಕೆ ಏರಿಸಿದರು. ಆದರೆ ಸೊನ್ನೆ ಅನ್ನುವುದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಅದಕ್ಕೇ ಗಡುವಿನ ವಾರ ಊರೆಲ್ಲ ಗಡಿಬಿಡಿ. ಯಾರದೋ ಹತ್ತಿರ ನಾಲ್ಕು ದಿನಕ್ಕೆ ಕೈಗಡ ತಂದು ಸೊಸೈಟಿಗೆ ಕಟ್ಟಿ, ಹೊಸ ಸಾಲ ಮಂಜೂರಾದ ಮೇಲೆ ಅವರಿಗೆ ವಾಪಸ್ ಕೊಡುವುದು. ಕಾಗದದಲ್ಲಿ ಸಾಲ ತೀರಿತು, ಮನೆಯಲ್ಲಿ ಒಂದು ರೂಪಾಯಿಯೂ ಕಮ್ಮಿಯಾಗಲಿಲ್ಲ. ಬೈದುಕೊಳ್ಳುವ ವಿಷಯ ಅಲ್ಲ ಇದು, ನಾವೂ ಮಾಡುತ್ತೇವೆ. ಆದರೆ ಆ ನಾಲ್ಕು ದಿನದ ದುಡ್ಡಿಗೆ ಕೊಟ್ಟ ಬಡ್ಡಿಯನ್ನು ಯಾರೂ ಎಲ್ಲೂ ಬರೆದಿಡುವುದಿಲ್ಲ. ನಾನು ಈಗ ಬರೆದಿಡುತ್ತೇನೆ.

ಇನ್ನು ಬಜೆಟ್. ಇಂಟರ್ನೆಟ್ಟಿನಲ್ಲಿ ಸಿಗುವ ಬಜೆಟ್ ಎಲ್ಲ ತಿಂಗಳ ಸಂಬಳದವರಿಗೆ. ಬಂದದ್ದರಲ್ಲಿ ಅರ್ಧ ಖರ್ಚಿಗೆ, ಇಷ್ಟು ಮೋಜಿಗೆ, ಇಷ್ಟು ಉಳಿತಾಯಕ್ಕೆ ಅಂತ. ನಮ್ಮ ಜಿಲ್ಲೆಯಲ್ಲಿ ಎಷ್ಟು ಮನೆಗೆ ಅದು ಹೊಂದುತ್ತದೋ! ಕಾರವಾರದಲ್ಲಿ ನೌಕಾನೆಲೆ, ಕೈಗಾದಲ್ಲಿ ಸ್ಥಾವರ, ಅಲ್ಲಿ ಕಾಯಂ ಕೆಲಸ ಇದ್ದವರಿಗೆ ಸರಿ. ತೋಟದವರಿಗೆ ಮಳೆಗಾಲ ಅಂದರೆ ಬರೀ ಹೋಗುವ ಹಣ. ಮಳೆ ಹಿಡಿಯುವ ಹೊತ್ತಿಗೆ ಕೊಳೆರೋಗ ಬರದ ಹಾಗೆ ಒಂದು ಸಲ ಬೋರ್ಡೋ ದ್ರಾವಣ ಹೊಡೆಸಬೇಕು, ನಲವತ್ತು ನಲವತ್ತೈದು ದಿನ ಬಿಟ್ಟು ಮತ್ತೊಮ್ಮೆ. ಮೈಲುತುತ್ತ, ಸುಣ್ಣ, ಮರ ಹತ್ತುವ ಕೊನೆಗೌಡನ ಕೂಲಿ, ಅವನು ಸಿಕ್ಕಿದರೆ. ಜೊತೆಗೆ ಜೂನಿನಲ್ಲಿ ಶಾಲೆ ಫೀ, ಪಟ್ಟಿ ಪುಸ್ತಕ, ಕೊಡೆ. ಅಡಿಕೆ ಕೊನೆ (ಗೊನೆ) ಕೊಯ್ದು, ಬಿಸಿಲಿಗೆ ಒಣಗಿಸಿ, ಸುಲಿದು, ಚಾಲಿ ಪೇಟೆಗೆ ಹೋಗಿ ದುಡ್ಡು ಕೈಗೆ ಬರುವಾಗ ಫೆಬ್ರವರಿಯೋ ಮಾರ್ಚೋ ಆಗಿರುತ್ತದೆ. ಹಾಗಾಗಿ ನಾವು ಏಪ್ರಿಲ್‌ನಿಂದ ಮಾರ್ಚ್ ತನಕ ಹನ್ನೆರಡು ಕಾಲಂ ಹಾಕಿ ವರ್ಷದ್ದೇ ಬಜೆಟ್ ಮಾಡಿದೆವು. ಹಾಕಿದ ಮೇಲೆ ಗೊತ್ತಾಯಿತು, ನಮ್ಮ ಸಾಲ ಎಲ್ಲ ಹುಟ್ಟುವುದು ಜೂನ್ ಮತ್ತು ಸೆಪ್ಟೆಂಬರ್ ನಡುವೆ. ಅಷ್ಟು ಗೊತ್ತಾದ ಮೇಲೆ ಮಾರ್ಚಿನಲ್ಲಿ ಬಂದ ಹಣದಿಂದ ಮೊದಲು ಆ ನಾಲ್ಕು ತಿಂಗಳ ಖರ್ಚು ಎತ್ತಿ ಬೇರೆ ಖಾತೆಗೆ ಹಾಕುವುದು, ಉಳಿದದ್ದು ಸಾಲಕ್ಕೆ. ಹಾಗೆ ಮಾಡದೆ ಮಾರ್ಚಿನಲ್ಲೇ ಎಲ್ಲ ಸಾಲಕ್ಕೆ ಸುರಿದರೆ ಜುಲೈಯಲ್ಲಿ ಮತ್ತೆ ಬಳೆ ಬ್ಯಾಂಕಿಗೆ.

ಈಗ ಅಂಕೋಲೆಯ ಗೆಳತಿಯ ವಿಷಯ. ಕಾಲೇಜಲ್ಲಿ ಒಟ್ಟಿಗೆ ಓದಿದವಳು. ಅವಳ ಗಂಡನಿಗೆ ಮೀನು ಹಿಡಿಯುವ ಬೋಟಿನಲ್ಲಿ ಪಾಲಿದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ, 61 ದಿನ. ಆದಾಯ ಇಲ್ಲ ಅನ್ನುವುದು ಒಂದು, ಬಲೆ ರಿಪೇರಿ, ಎಂಜಿನ್ ಕೆಲಸ ಎಲ್ಲ ಬರುವುದೂ ಆ ಎರಡು ತಿಂಗಳಲ್ಲೇ. ಅವಳಿಗೆ ನಾನು ಹೀಗೇ ಫೋನಿನಲ್ಲಿ ಮಾತಾಡುವಾಗ ನಮ್ಮ ಒಟ್ಟು ಮೊತ್ತ ಹೇಳಿಬಿಟ್ಟೆ. ಒಂದು ಗಳಿಗೆ ಸುಮ್ಮನಿದ್ದು ಅವಳು ತನ್ನದೂ ಹೇಳಿದಳು. ನನಗಿಂತ ಜಾಸ್ತಿ ಇತ್ತು! ಇಬ್ಬರೂ ನಕ್ಕೆವು. ನಗುವಂಥದ್ದೇನೂ ಇರಲಿಲ್ಲ, ಆದರೂ.

ಆಮೇಲೆ ಭಾನುವಾರ ಸಂಜೆ ಫೋನು ಅಂತಾಯಿತು. ಹೇಳಬೇಕಾದ್ದು ಮೂರೇ. ಈ ವಾರ ಎಷ್ಟು ಖರ್ಚಾಯಿತು, ಯಾವ ಸಾಲಕ್ಕೆ ಎಷ್ಟು ಹೋಯಿತು, ಮುಂದಿನ ವಾರ ಯಾವ ದೊಡ್ಡ ಖರ್ಚು ಬರುತ್ತದೆ. ಉಪದೇಶ ಇಲ್ಲ. ‘ಎಂತದೇ, ಕಾರ್ಡು ಮುಟ್ಟಿದ್ಯಾ?’ ಅಂತ ಅವಳು ಕೇಳುತ್ತಾಳೆ, ನಾನು ‘ಇಲ್ಲ ಮಾರಾಯ್ತಿ’ ಅನ್ನುತ್ತೇನೆ. ಹಾಗೆ ಅನ್ನಬೇಕಲ್ಲ ಅಂತಲೇ ಎಷ್ಟೋ ಸಲ ಆನ್‌ಲೈನಿನಲ್ಲಿ ಸೀರೆ ನೋಡಿ ಮುಚ್ಚಿದ್ದಿದೆ. ಚೌತಿಗೆ ಮುಂಚೆ ಅಕ್ಕಪಕ್ಕದವರೆಲ್ಲ ಕೂತು ಚಕ್ಕುಲಿ ಕಂಬಳ ಮಾಡುತ್ತೇವಲ್ಲ, ಒಬ್ಬಳೇ ಕೂತು ಸುತ್ತಿದರೆ ಬೆನ್ನು ಬಿದ್ದು ಹೋಗುತ್ತದೆ, ಹತ್ತು ಜನ ಇದ್ದರೆ ಮಾತಿನಲ್ಲೇ ಡಬ್ಬಿ ತುಂಬುತ್ತದೆ, ಹಾಗೆ. ಇನ್ನೊಂದು ಅನುಕೂಲ ನಾವು ಯೋಚಿಸದೇ ಒದಗಿತು. ಅವಳಿಗೆ ಆಗಸ್ಟಿನಲ್ಲಿ ಕಡಲು ತೆರೆದು ಉಸಿರಾಡುವ ಹೊತ್ತಿಗೆ ನಮಗೆ ಕೈ ಖಾಲಿ, ನಮಗೆ ಮಾರ್ಚಿನಲ್ಲಿ ಹಣ ಬರುವಾಗ ಅವಳು ಮಳೆಗಾಲಕ್ಕೆ ಕೂಡಿಡುವ ಚಿಂತೆಯಲ್ಲಿ. ಹಾಗಾಗಿ ಇಬ್ಬರೂ ಒಟ್ಟಿಗೆ ಕುಗ್ಗುವುದಿಲ್ಲ. ಒಬ್ಬಳಿಗೆ ಯಾವಾಗಲೂ ಸಮಾಧಾನ ಹೇಳುವಷ್ಟು ತ್ರಾಣ ಇರುತ್ತದೆ.

ಒಂದು ನಿಯಮ ಮಾತ್ರ ಕಟ್ಟುನಿಟ್ಟು. ನಮ್ಮ ನಮ್ಮೊಳಗೆ ಸಾಲ ಇಲ್ಲ. ಒಂದು ಸಾವಿರವೂ ಇಲ್ಲ. ಕೊಟ್ಟ ದಿನದಿಂದ ಭಾನುವಾರದ ಫೋನು ವಸೂಲಿ ಫೋನು ಆಗಿಬಿಡುತ್ತದೆ. ಹೆಂಗಸರ ಸಂಘಕ್ಕೆ ಕೊಡುವ ಸಣ್ಣ ಸಾಲದಲ್ಲಿ (ಮೈಕ್ರೋ ಸಾಲ ಅಂತಾರಲ್ಲ) ಇದನ್ನು ಅವಳು ಕಣ್ಣಾರೆ ನೋಡಿದ್ದಾಳೆ. ಅಲ್ಲೂ ಹೆಂಗಸರೆಲ್ಲ ಒಟ್ಟಿಗೆ ಕೂರುತ್ತಾರೆ, ಒಬ್ಬರಿಗೊಬ್ಬರು ಜಾಮೀನು. ಎಲ್ಲರೂ ಕಟ್ಟುವಾಗ ಚೆಂದ. ಒಬ್ಬಳ ಕಂತು ತಪ್ಪಿದರೆ ನಿನ್ನೆಯ ತನಕ ಜೊತೆಗೆ ಮೀನು ಪೇಟೆಗೆ ಹೋಗುತ್ತಿದ್ದವರೇ ಅವಳ ಬಾಗಿಲಲ್ಲಿ ನಿಲ್ಲುತ್ತಾರೆ. ಪೀಡಿಸಿ ವಸೂಲಿ ಮಾಡುವುದರ ವಿರುದ್ಧ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಅದಕ್ಕೂ ಮೊದಲೇ, 2022ರಿಂದ, ರಿಸರ್ವ್ ಬ್ಯಾಂಕಿನ ನಿಯಮ ಇದೆ: ವರ್ಷಕ್ಕೆ 3 ಲಕ್ಷದ ಒಳಗಿನ ಆದಾಯದ ಮನೆಗೆ ಮೈಕ್ರೋ ಸಾಲ ಕೊಡುವಾಗ, ಆ ಮನೆಯ ಎಲ್ಲ ಸಾಲದ ಕಂತೂ ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಸಾಲ ಕೊಡುವವರಿಗೆ ಮಾಡಿದ ನಿಯಮ ನಿಜ, ಆದರೆ ನಾವಿಬ್ಬರೂ ನಮ್ಮ ಹಾಳೆಗೆ ಅದನ್ನೇ ಅಳತೆಗೋಲು ಮಾಡಿಕೊಂಡೆವು. ಮೊದಲ ಸಲ ಅಳೆದಾಗ ಇಬ್ಬರ ಮನೆಯೂ ಅರ್ಧ ದಾಟಿತ್ತು.

ಯಾವ ಸಾಲ ಮೊದಲು ತೀರಿಸಬೇಕು ಅನ್ನುವುದರಲ್ಲಿ ಎರಡು ಪಕ್ಷ ಇದೆ. ಬಡ್ಡಿ ಜಾಸ್ತಿ ಇದ್ದದ್ದು ಮೊದಲು ಅಂತ ಲೆಕ್ಕದವರು. ಸಣ್ಣದು ಮೊದಲು, ಒಂದು ತೀರಿದರೆ ಹುರುಪು ಬರುತ್ತದೆ ಅಂತ ಇನ್ನು ಕೆಲವರು. ನಾವು ಎರಡೂ ಬಿಟ್ಟು ಮೊದಲು ಸಂಬಂಧಿಕರ ಕೈಗಡ ತೀರಿಸಿದೆವು, ಬಡ್ಡಿಯೇ ಇಲ್ಲದ್ದು. ನಮ್ಮವರು ಒಪ್ಪಲಿಲ್ಲ, 42 ಪರ್ಸೆಂಟಿನ ಕಾರ್ಡು ಇಟ್ಟುಕೊಂಡು ಇದೆಂಥ ಬುದ್ಧಿ ಅಂದರು. ಆದರೆ ಆ ಹಣಕ್ಕಾಗಿ ನಾವು ಅವರ ಮನೆಯ ಮದುವೆ ತಪ್ಪಿಸಿದ್ದೆವು, ಸಂತೆಯಲ್ಲಿ ಅವರು ಕಂಡರೆ ಆಚೆ ಓಣಿ ಹಿಡಿಯುತ್ತಿದ್ದೆವು. ಅದನ್ನು ಬಡ್ಡಿ ಅಂತ ಲೆಕ್ಕ ಹಾಕದಿದ್ದರೆ ಮತ್ತೇನನ್ನು ಹಾಕುವುದು? ಈಗಲೂ ನಾನು ಅದೇ ಸರಿ ಅನ್ನುತ್ತೇನೆ.

ಆಮೇಲೆ ಕಾರ್ಡು. ಇದಕ್ಕೆ ನನ್ನ ಸರವನ್ನೂ ಬ್ಯಾಂಕಿಗೆ ಇಟ್ಟೆ. ಸಾಲ ತೀರಿಸಲಿಕ್ಕೆ ಸಾಲ ಮಾಡುವುದು ಅಂತ ಅತ್ತೆ ಬೇಜಾರು ಮಾಡಿಕೊಂಡರು. ನಾನು ಹಾಳೆ ತೋರಿಸಿದೆ, 10ರ ಹತ್ತಿರದ ಬಡ್ಡಿಯಲ್ಲಿ ತಂದು 42ರದ್ದನ್ನು ಮುಚ್ಚುವುದು ಅಂತ. ಅತ್ತೆ ಹಾಳೆ ನೋಡಲಿಲ್ಲ. ‘ಕಾರ್ಡು ಎಂತ ಮಾಡ್ತೆ?’ ಅಂದರು. ಕತ್ತರಿಸುತ್ತೇನೆ ಅಂದೆ. ‘ಮೊದಲು ಕತ್ತರಿಸು, ಮತ್ತೆ ಸರ ತಗೊಂಡು ಹೋಗು’ ಅಂದರು. ಪುಸ್ತಕ ಓದಿದವರು ಇಷ್ಟು ಸರಿಯಾಗಿ ಹೇಳುವುದಿಲ್ಲ, ಯಾಕೆಂದರೆ ಕಾರ್ಡು ಉಳಿದರೆ ಆರು ತಿಂಗಳಲ್ಲಿ ಎರಡೂ ಸಾಲ ಇರುತ್ತದೆ. ಅವರದೇ ಹೆಸರಿಗೆ ಬರುವ ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಆಮೇಲೆ ತಾವಾಗಿ ಚಿನ್ನದ ಬಡ್ಡಿಗೆ ಕೊಡಲು ಶುರು ಮಾಡಿದರು. ನಾನು ಕೇಳಿರಲಿಲ್ಲ. ಬಜೆಟ್ಟಿನಲ್ಲಿ ಅದನ್ನು ಆದಾಯ ಅಂತ ಬರೆದೂ ಇಲ್ಲ, ಅದು ಅವರ ಹಣ.

ನಮ್ಮ ಬಜೆಟ್ ಒಡೆದದ್ದು ಚೌತಿಗೆ. ಕರಾವಳಿಯಲ್ಲೂ ಘಟ್ಟದ ಮೇಲೂ ಅದು ದೊಡ್ಡ ಹಬ್ಬ, ಮುಂಬಯಿ, ಗೋವಾ, ಬೆಂಗಳೂರಿನಿಂದ ಎಲ್ಲರೂ ಬರುತ್ತಾರೆ. ಬಂದವರ ಮುಂದೆ ಈ ವರ್ಷ ಪಟಾಕಿ ಇಲ್ಲ, ಹೊಸ ಬಟ್ಟೆ ಮಕ್ಕಳಿಗೆ ಮಾತ್ರ ಅಂತ ಹೇಳುವುದು ಇದೆಯಲ್ಲ, ಯಾವ ಕಂತಿಗಿಂತಲೂ ಕಷ್ಟ. ಅಂಕೋಲೆಯವಳು ಧೈರ್ಯ ಮಾಡಿ ಭಾವನ ಎದುರು ಹೇಳಿಯೇಬಿಟ್ಟಳು. ಭಾವ ‘ನಮ್ಮದೂ ಅದೇ ಕಥೆ ಮಾರಾಯ್ತಿ, ಯಾರಾದರೂ ಮೊದಲು ಹೇಳಲಿ ಅಂತ ಕಾಯ್ತಿದ್ದೆ’ ಅಂದರಂತೆ. ನನ್ನಿಂದ ಆ ವರ್ಷ ಆಗಲಿಲ್ಲ. ಈಗ ಚೌತಿಗೆ ಬೇರೆ ಕಾಲಂ ಇದೆ, ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಗೂ ಇದೆ. ಜಾತ್ರೆಯಲ್ಲಿ ಮಕ್ಕಳನ್ನು ತೊಟ್ಟಿಲಿಗೆ ಹತ್ತಿಸಬೇಡಿ ಅನ್ನುವ ಬಜೆಟ್ ಯಾರಿಗೆ ಬೇಕು.

ತೀರಿದ ಸಾಲಕ್ಕೆ ಕಾಗದ ಕೇಳಿ ಪಡೆಯಿರಿ. ಕಾರ್ಡಿನವರು ಫೋನ್ ಮಾಡಿ ಇಷ್ಟು ಕಟ್ಟಿ, ಉಳಿದದ್ದು ಬಿಡುತ್ತೇವೆ ಅಂದರೆ ಆಸೆಯಾಗುತ್ತದೆ. ಆದರೆ ನಾವು ಸಾಲ ಹೇಗೆ ಕಟ್ಟಿದೆವು ಅಂತ ಬ್ಯಾಂಕಿನವರು ನೋಡುವ ಸಿಬಿಲ್ ವರದಿಯಲ್ಲಿ ಅದು ‘ಸೆಟಲ್ಡ್’ ಅಂತ ಕೂರುತ್ತದೆ, ಪೂರ್ತಿ ಕಟ್ಟಿದರೆ ‘ಕ್ಲೋಸ್ಡ್’. ಮುಂದೆ ಮನೆ ಸಾಲಕ್ಕೆ ಹೋದಾಗ ಎರಡಕ್ಕೂ ಬಹಳ ವ್ಯತ್ಯಾಸ. ಬೈಕಿನದಾದರೆ ಸಾಲ ಕೊಟ್ಟವರಿಂದ ಎನ್‌ಒಸಿ (ಆಕ್ಷೇಪ ಇಲ್ಲ ಅನ್ನುವ ಪತ್ರ) ಮತ್ತು ಫಾರ್ಮ್ 35 ತಗೊಂಡು ಆರ್‌ಟಿಒದಲ್ಲಿ ಆರ್‌ಸಿ ಮೇಲಿನ ಅವರ ಹೆಸರು ತೆಗೆಸಬೇಕು. ಕೊನೇ ಕಂತು ಕಟ್ಟಿದ ಖುಷಿಯಲ್ಲಿ ಇದನ್ನು ಮರೆಯುವವರೇ ಜಾಸ್ತಿ.

ಕೈಗಡ, ಉದ್ರಿ, ಕಾರ್ಡು, ಬೈಕು ಮುಗಿದಿವೆ. ವರ್ಷಾ ವರ್ಷ ತಿರುಗುವ ಸೊಸೈಟಿ ಸಾಲ ಬಿಟ್ಟರೆ ಉಳಿದದ್ದು ಚಿನ್ನ. ಮತ್ತೆ ಒಂದು ಜಗಳ ಉಳಿದಿದೆ, ಚಾಲಿ ಯಾವಾಗ ಕೊಡುವುದು ಅಂತ. ನಮ್ಮವರಿಗೆ ರೇಟು ಏರುವ ತನಕ ಇಟ್ಟುಕೊಳ್ಳಬೇಕು. ಶಿರಸಿಯಲ್ಲಿ ಹುಟ್ಟಿದವರಿಗೆ ಇದು ರಕ್ತದಲ್ಲೇ ಇದೆ ಅನ್ನಿ. ನನ್ನ ಲೆಕ್ಕ ಬೇರೆ. ಕ್ವಿಂಟಲಿಗೆ 40 ಸಾವಿರ ಅಂತಿಟ್ಟುಕೊಳ್ಳಿ. ತಲೆ ಮೇಲೆ 10 ಪರ್ಸೆಂಟಿನ ಸಾಲ ಇಟ್ಟುಕೊಂಡು ಆರು ತಿಂಗಳು ಕಾದರೆ ಬಡ್ಡಿಯೇ 2 ಸಾವಿರ, ತೂಕ ಇಳಿಯುವುದು ಬೇರೆ. ಅಷ್ಟು ಏರಿದರೆ ಸರಿಗೆ ಸರಿ, ಲಾಭ ಅದರ ಮೇಲೆ. ಹಾಗಾಗಿ ಸಾಲಕ್ಕೆ ಬೇಕಾದಷ್ಟು ಚಾಲಿ ಸುಲಿದ ತಕ್ಷಣ ಕೊಡುವುದು, ಉಳಿದದ್ದಕ್ಕೆ ಅವರು ಬೇಕಾದಷ್ಟು ಕಾಯಲಿ ಅಂತ ನನ್ನ ವಾದ. ಅಂಕೋಲೆಯವಳನ್ನು ಕೇಳಿದರೆ ‘ನಮ್ಮ ಮೀನು ಒಂದು ದಿನ ಕಾಯೂದಿಲ್ಲ, ನಿಮಗೆ ಆರು ತಿಂಗಳು ಕಾಯೂ ಸೊಕ್ಕು’ ಅಂತ ನಗುತ್ತಾಳೆ. ನಮ್ಮವರು ಅರ್ಧಕ್ಕೆ ಒಪ್ಪಿದ್ದಾರೆ. ಯಾವ ಅರ್ಧ ಅಂತ ಇನ್ನೂ ತೀರ್ಮಾನ ಆಗಿಲ್ಲ.